ಒಳಬರುವ ಕರೆಗೆ ಎರಡು ರೂಪಾಯಿ

ಶಾಂತಿಗ್ರಾಮದ ಟೋಲಿನಲ್ಲಿ ಇವರು ಮತ್ತೆ ಗಾಜು ಇಳಿಸಿದರು,
ಕಾರ್ಡು ಚಾಚಿದರು.
ಹುಡುಗ ಮುಖ ನೋಡಲಿಲ್ಲ, ಕಾರ್ಡಷ್ಟೇ ನೋಡಿದ.
'ಡ್ಯೂಟಿ ಮೇಲಿದ್ರೆ ಮಾತ್ರ ಸಾರ್, ರಿಟೈರಾದೋರಿಗಿಲ್ಲ.'
ಹೋದ ತಿಂಗಳೂ ಇದೇ ಮಾತು. ಅದರ ಹಿಂದಿನ ತಿಂಗಳು
ಬೇರೆ ಹುಡುಗ, ಇದೇ ಮಾತು.
ಫಾಸ್ಟ್ಯಾಗ್ ಅಂಟಿಸಿಲ್ಲ ಇವರು.
ಅಂಟಿಸಿದರೆ ಕಾರ್ಡು ಯಾರಿಗೆ ತೋರಿಸುವುದು?
ಅದಿಲ್ಲದ್ದಕ್ಕೆ ದುಪ್ಪಟ್ಟು.

ಹಿಂದೆ ಆಲೂಗಡ್ಡೆ ಟೆಂಪೋ ಹಾರ್ನು ಒತ್ತಿಯೇ ಹಿಡಿದಿದೆ.
ಇವರ ಕತ್ತಿನ ನರ ನನಗೆ ಗೊತ್ತು.
'ಇಪ್ಪತ್ನಾಲ್ಕು ವರ್ಷ ಸರ್ವೀಸು' ಅನ್ನುವಾಗ ಉಬ್ಬುತ್ತದೆ,
'ಮೈನಸ್ ಮೂವತ್ತು' ಅನ್ನುವಾಗ ಇನ್ನೊಂಚೂರು.
ನಾನು ಪರ್ಸಿನ ಜಿಪ್ಪು ಎಳೆಯುತ್ತೇನೆ.
ಆ ಸದ್ದಿಗೆ ಗಾಜು ಏರುತ್ತದೆ.

ಹಾಸನದ ಕ್ಯಾಂಟೀನಿನಲ್ಲಿ ಕುಕ್ಕರು, ಸೋಪಿನ ಕಟ್ಟು,
ಕೋಟಾದ ರಮ್ಮು. ಇವರು ಕುಡಿಯುವವರಲ್ಲ.
ಒಂದು ಬಾಟ್ಲಿ ಲೈನ್‌ಮನ್ನಿಗೆ, ಒಂದು ಸರ್ವೇಯರಿಗೆ,
ಹನ್ನೊಂದು ವರ್ಷದಿಂದ ಕಚೇರಿಯಲ್ಲಿ ನಿದ್ದೆ ಮಾಡುತ್ತಿರುವ
ಮಾಜಿ ಸೈನಿಕರ ಎರಡೆಕರೆಯ ಕಡತಕ್ಕೆ.
ಮಿಲ್ಟ್ರಿ ರಂಗೇಗೌಡ್ರು ಅನ್ನುತ್ತದೆ ಚನ್ನರಾಯಪಟ್ಟಣದ ನಮ್ಮ ಬೀದಿ.
ನಮ್ಮ ಬೀದಿಯಲ್ಲಿ ಮಿಲ್ಟ್ರಿ ಅಂದರೆ ಬಾಟ್ಲಿ ಅಂತ.

ನನಗೂ ಒಂದು ಕಾರ್ಡಿದೆ.
ನನ್ನ ಹೆಸರು, ಪಕ್ಕದಲ್ಲಿ 'ಅವಲಂಬಿತೆ'.
ಸಿಲಿಂಡರಿನ ಸಾಲು, ಮಗಳ ಸ್ಕೂಲಿನ ಸಾಲು,
ಅತ್ತೆ ತೀರಿಕೊಂಡಾಗ ಮರಣಪತ್ರದ ಸಾಲು
ಎಲ್ಲದರಲ್ಲೂ ನಿಂತವಳು ನಾನೇ.
ಆದರೂ ಯಾರನ್ನು ಅವಲಂಬಿಸಿದ್ದೆ ಅಂತ
ಯಾರಾದರೂ ಕೇಳಿದರೆ ಹೇಳಬಲ್ಲೆ:
ಬಾಗೂರು ರಸ್ತೆಯ ಎಸ್‌ಟಿಡಿ ಬೂತಿನ ಜಿನದತ್ತಯ್ಯನವರನ್ನು.

ಪೋಲಿಯೋ ಕಾಲು. ಬೂತು ಸಿಕ್ಕಿದ್ದೂ ಒಂದು ಕೋಟಾದಲ್ಲೇ.
ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆತನ,
ಐದೂವರೆಗೆಲ್ಲ ಬಾಗಿಲೆಳೆದು
ಮೂರು ಗಾಲಿಯ ಸೈಕಲ್ಲು ತಿರುವಿಕೊಂಡು ಹೊರಡುತ್ತಿದ್ದರು.
ಕಾರ್ಗಿಲ್‌ನ ಆ ಬೇಸಿಗೆಯಲ್ಲಿ ಮಾತ್ರ
ಹನ್ನೊಂದು ಗಂಟೆತನಕ ಟ್ಯೂಬ್‌ಲೈಟು.
'ಬಂದ್ರೂ ಬರಬಹುದು, ಕೂತಿರಮ್ಮ.'
ಮಗಳು ಗೋಣಿತಾಟಿನ ಮೇಲೆ ಮಲಗಿಬಿಡುವಳು.
ನಾನು ಫೋನನ್ನು ನೋಡುತ್ತಿದ್ದೆ.
ಅವರು ನನ್ನನ್ನು ನೋಡದ ಹಾಗೆ ರಿಜಿಸ್ಟರು ನೋಡುತ್ತಿದ್ದರು.
ಯಾರಾದರೂ ಕರೆ ಮಾಡಲು ಬಂದರೆ
'ಲೈನು ಡೆಡ್ಡು' ಎನ್ನುವರು,
ಸುಳ್ಳಾಡುವುದಿಲ್ಲವೆಂದು ವ್ರತ ಹಿಡಿದವರು.
ಹೊಟ್ಟೆ ಗೊಳಗೊಳ ಅನ್ನುವುದು ನನಗೂ ಕೇಳಿಸುತ್ತಿತ್ತು.

ಬಂದದ್ದು ಮೂರೇ ಸಲ.
ಒಂದು ಸಲ ಬರೀ ಗಾಳಿ, ಆಮೇಲೆ 'ಹಲೋ', ಆಮೇಲೆ ಕಟ್ಟು.
ಗೋಡೆಯ ಹಲಗೆಯಲ್ಲಿ ಬರೆದಿತ್ತು,
ಒಳಬರುವ ಕರೆಗೆ ಎರಡು ರೂಪಾಯಿ.
ಕೊಡಲು ಹೋದರೆ ಡ್ರಾಯರು ಮುಚ್ಚಿಬಿಡುತ್ತಿದ್ದರು.
ಕಾರ್ಡು ಗೀರ್ಡು ಏನೂ ಕೇಳಲಿಲ್ಲ.

ಇವರಿಗೆ ಹೇಳಲಿಲ್ಲ.
ಹೇಳೋಣ ಅಂದುಕೊಂಡಾಗಲೆಲ್ಲ
ಮನೆಯಲ್ಲಿ ಹಿಮ ಬೀಳುತ್ತಿತ್ತು,
ಇವರ ಬಾಯಿಂದ, ನೆಂಟರ ಮುಂದೆ.

ಮೊನ್ನೆ ಆ ಕಡತಕ್ಕೇ ಇನ್ನೊಂದು ಸಲ
ಡಿಸ್ಚಾರ್ಜ್ ಪುಸ್ತಕದ ಜೆರಾಕ್ಸು ಬೇಕಾಯಿತು.
ಬೂತು ಈಗ ಜೆರಾಕ್ಸಂಗಡಿ. ಕೌಂಟರಿನಲ್ಲಿ ಜಿನದತ್ತಯ್ಯನವರ ಸೊಸೆ,
ಗೋಡೆಯಲ್ಲಿ ಅವರ ಫೋಟೋ, ಧೂಳು ಕೂತ ಗಂಧದ ಹಾರ.
ಹದಿನಾರು ಪುಟ, ಮೂವತ್ತೆರಡು ರೂಪಾಯಿ.
'ಮಾಜಿ ಸೈನಿಕರಿಗೆ ಏನಾದ್ರೂ ಕಡಿಮೆ…'
'ರೀ!'
ಮೂವತ್ತೊಂದು ವರ್ಷದಲ್ಲಿ ಅಷ್ಟು ಜೋರಾಗಿ ಕರೆದಿರಲಿಲ್ಲ.
ಪಕ್ಕದಲ್ಲಿ ಆಧಾರ್ ಹಿಡಿದು ನಿಂತಿದ್ದ ಹುಡುಗ ತಿರುಗಿ ನೋಡಿದ.

ಮೂವತ್ತೆರಡು ಎಣಿಸಿ ಕೊಟ್ಟೆ.
ಆಮೇಲೆ ಬೇರೆಯಾಗಿ, ಗಾಜಿನ ಮೇಲೆ
ಒಂದೊಂದಾಗಿ ಎರಡರ ಮೂರು ನಾಣ್ಯ.
'ಇದ್ಯಾಕಕ್ಕ?' ಅಂದಳು ಆಕೆ.
'ಮೂರು ಕರೆ ಬಂದಿತ್ತು' ಅಂದೆ.
ಅವಳಿಗೆ ಅರ್ಥವಾಗಲಿಲ್ಲ, ತೆಗೆದುಕೊಂಡಳು.

ಇವರು ಫೋಟೋ ನೋಡಿದರು, ನನ್ನನ್ನು ನೋಡಿದರು,
ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು,
ಮಡಚಬಾರದು ಅಂತ ದಿನಾ ಹೇಳುವವರು.
ಕಾರಿನಲ್ಲಿ ಕೂತು, ಕೀಲಿ ತಿರುಗಿಸದೆ ಕೇಳಿದರು:
'ಯಾವ ಕರೆ?'

'ಮೊದಲು ಗಾಡಿ ತೆಗೀರಿ' ಅಂದೆ,
'ಹಿಂದೆ ಬಸ್ಸು ಹಾರ್ನ್ ಹೊಡೀತಿದೆ.'